ಕಾಗದದ ಗುಂಡಿಗಳು

ಆಂಬುಲೆನ್ಸ್ ಕಳಿಸುವ ಕೇಂದ್ರವೊಂದಕ್ಕೆ ಹೊಸ ತಂತ್ರಾಂಶ ಬರೆಯುತ್ತಿದ್ದ ತಂಡದಲ್ಲಿ ಅವಳೊಬ್ಬಳೇ ವಿನ್ಯಾಸಗಾರ್ತಿ. ಎಲ್ಲರೂ ಅವಳನ್ನು ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಕೆಲಸ ಎರಡು ವಾರಕ್ಕೊಂದು ಕಂತಿನಂತೆ ಸಾಗುತ್ತಿತ್ತು. ಪ್ರತಿ ಕಂತಿನ ಕೊನೆಗೆ, ಎಲ್ಲ ಕಟ್ಟಿ ಮುಗಿದ ಮೇಲೆ, "ಬಣ್ಣದಕ್ಕಾ, ಸ್ವಲ್ಪ ಚೆಂದ ಮಾಡ್ಕೊಡಿ" ಎಂದು ಅವಳಿಗೆ ಒಪ್ಪಿಸುತ್ತಿದ್ದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಕೆಲಸ.

"ಕಟ್ಟೋಕೆ ಮುಂಚೆ ಒಂದ್ಸಲ ಕರೆ ತಗೊಳ್ಳೋರ ಪಕ್ಕ ಕೂತು ನೋಡ್ತೀನಿ," ಎಂದು ಅವಳು ಎಷ್ಟೋ ಸಲ ಕೇಳಿದ್ದಳು.

"ನೀವು ಕೂತು ಏಳೋಷ್ಟರಲ್ಲಿ ನಮ್ಮ ಕಂತೇ ಮುಗಿದಿರುತ್ತೆ," ಎನ್ನುತ್ತಿದ್ದ ಮುಖ್ಯ ಪ್ರೋಗ್ರಾಮರ್. ಕೆಟ್ಟವನಲ್ಲ, ಗಡುವು ಎಂದರೆ ಹುಲಿ ಕಂಡಂತೆ ಬೆಚ್ಚುತ್ತಿದ್ದ, ಅಷ್ಟೆ.

ಒಂದು ಬೆಳಿಗ್ಗೆ ಕೇಂದ್ರದಲ್ಲಿ ಅಣಕು ಪರೀಕ್ಷೆ ನಡೆಯಿತು. ಬಣ್ಣದಕ್ಕ, ಪ್ರೋಗ್ರಾಮರ್ ಇಬ್ಬರೂ ಕರೆ ತಗೊಳ್ಳುವ ಹಿರಿಯ ಆಪರೇಟರಮ್ಮನ ಹಿಂದೆ ನಿಂತರು. ಸುಳ್ಳು ಕರೆ ಬಂತು: "ಅಪ್ಪನಿಗೆ ಎದೆನೋವು, ಬೇಗ ಬನ್ನಿ." ಆಕೆ ಒಂದು ಕಿವಿಯಲ್ಲಿ ಕೇಳುತ್ತ, ಗೋಡೆಯ ನಕ್ಷೆಯ ಮೇಲೆ ಕಣ್ಣಿಟ್ಟು, ಎದುರಿನ ಪರದೆಯ ಗುಂಡಿ ಒತ್ತಿ, "ಗಾಡಿ ಹೊರಟಿದೆ, ಧೈರ್ಯವಾಗಿರಿ" ಎಂದರು.

ಕೆಳಗೆ ಅಂಗಳದಲ್ಲಿ ಗಾಡಿ ನಿಂತಲ್ಲೇ ನಿಂತಿತ್ತು. ಚಾಲಕ ಬಾಗಿಲಿಗೆ ಒರಗಿ ಆಕಳಿಸುತ್ತಿದ್ದ. ಆಕೆ ಒತ್ತಿದ್ದು 'ಕಳಿಸು' ಅಲ್ಲ, ಪಕ್ಕದ 'ರದ್ದು'. ಎರಡಕ್ಕೂ ಬಣ್ಣ ಬೇರೆ ಬೇರೆಯೇ ಇತ್ತು. ಆದರೆ ನಕ್ಷೆ ನೋಡುವ ಕಣ್ಣಿಗೆ ಗುಂಡಿಯ ಬಣ್ಣ ಎಲ್ಲಿ ಕಾಣಬೇಕು?

"ನಿಜವಾದ ಕರೆ ಆಗಿದ್ರೆ ಏನ್ ಗತಿ?" ಎಂದು ಆಪರೇಟರಮ್ಮ ಪರದೆಯಿಂದ ಕುರ್ಚಿ ಹಿಂದೆ ಸರಿಸಿದರು.

"ತಪ್ಪು ನಿಮ್ಮದಲ್ಲಮ್ಮಾ. ಯಾರಿಗೂ ಏನೂ ಆಗಿಲ್ಲ," ಎಂದು ಬಣ್ಣದಕ್ಕ ನೀರು ತಂದುಕೊಟ್ಟಳು.

ಕಟ್ಟಿದ್ದೆಲ್ಲ ಕೆಡವಬೇಕು ಎಂದು ಪ್ರೋಗ್ರಾಮರನಿಗೆ ಹೇಳುವುದು ಹೇಗೆ? ಹೊರಗೆ ಬಂದರೆ ಅವನು ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದ. ಜಗಳಕ್ಕೆ ಸಿದ್ಧಳಾಗಿಯೇ ಪಕ್ಕದಲ್ಲಿ ಕೂತಳು.

"ಕಟ್ಟಿ ಕಟ್ಟಿ ಕೆಡವಿ ನನಗೂ ಸಾಕಾಗಿದೆ ಅಕ್ಕಾ," ಎಂದ ಅವನು. "ಮುಂದಿನ ಕಂತಿಂದ ನೀವು ಮುಂದೆ ನಡೀರಿ. ನಾನು ಹಿಂದೆ ಬರ್ತೀನಿ."

ಅವಳಿಗೆ ಹೋದ ಜೀವ ಬಂದಂತಾಯಿತು. "ಮುಂದೆ ಹಿಂದೆ ಬೇಡಪ್ಪಾ," ಎಂದಳು. "ಒಂದು ಹೆಜ್ಜೆ ಮೊದಲು ನಾನು ಹೊರಡ್ತೀನಿ, ಆದ್ರೆ ನೀನೂ ಜೊತೆಗೆ ಬಂದು ನೋಡ್ಬೇಕು."

ಅಂದಿನಿಂದ ಅವನು ಒಂದು ಕಂತನ್ನು ಕಟ್ಟುವಾಗ ಅವಳು ಮುಂದಿನ ಕಂತಿನ ಪರದೆಗಳನ್ನು ಕಾಗದದ ಮೇಲೆ ಬರೆಯತೊಡಗಿದಳು. ಮೊದಲು ಮನೆಯಲ್ಲಿ ಅತ್ತೆಯ ಮುಂದೆ ಹರಡಿದಳು.

"ಕಾಗದ ಒತ್ತಿದ್ರೆ ಗಾಡಿ ಬರುತ್ತೇನೇ?" ಅತ್ತೆ ನಕ್ಕರು. "ನಿಮಗೆ ಸಂಬಳ ಕೊಡೋರ ಹೊಟ್ಟೆ ತಣ್ಣಗಿರಲಿ!"

ಆಮೇಲೆ ಕೇಂದ್ರಕ್ಕೆ. ಪ್ರೋಗ್ರಾಮರನೇ ಕರೆ ಮಾಡುವವನ ಪಾತ್ರ ಹಾಕಿ "ಅಯ್ಯೋ, ಉಸಿರೇ ಬರ್ತಿಲ್ಲ!" ಎಂದು ಉದ್ದುದ್ದ ಭಾಷಣ ಬಿಗಿದ. "ಉಸಿರಿಲ್ಲದೋನು ಇಷ್ಟು ಮಾತಾಡಲ್ಲಪ್ಪಾ" ಎಂದು ಆಪರೇಟರಮ್ಮ ಗದರಿಸುತ್ತಲೇ ಕಾಗದದ ಗುಂಡಿ ಒತ್ತಿದರು. ಬೆರಳು ತಪ್ಪಿದಾಗೆಲ್ಲ ಬಣ್ಣದಕ್ಕ ಅಲ್ಲೇ ಅಳಿಸಿ ತಿದ್ದಿದಳು. 'ಕಳಿಸು' ಅಗಲವಾಯಿತು. 'ರದ್ದು' ದೂರದ ಮೂಲೆಗೆ ಹೋಯಿತು; ಒತ್ತಿದರೆ ಮೊದಲು "ಖಚಿತವೇ?" ಎಂದು ಕೇಳುವಂತಾಯಿತು. ಕಾಗದದಲ್ಲಿ ಗೆದ್ದದ್ದನ್ನು ಮಾತ್ರ ಅವನು ಕಟ್ಟಿದ. ಕಟ್ಟಿದ್ದನ್ನು ಮತ್ತೆ ಆಪರೇಟರಮ್ಮನ ಮುಂದಿಟ್ಟರು. ಮತ್ತೆ ಒಂದಿಷ್ಟು ತಿದ್ದಿದರು. ಕೆಡವುವುದು ನಿಲ್ಲಲಿಲ್ಲ. ಆದರೆ ಈಗ ಕೆಡವುತ್ತಿದ್ದದ್ದು ಗೋಡೆಯನ್ನಲ್ಲ, ಗೆರೆಯನ್ನು.

ಎರಡನೇ ಅಣಕು ಪರೀಕ್ಷೆಯ ದಿನ ಪ್ರೋಗ್ರಾಮರ್ ಕಿಟಕಿಯಲ್ಲೇ ನೆಟ್ಟುಹೋಗಿದ್ದ. ಕರೆ ಬಂತು, ಆಪರೇಟರಮ್ಮನ ಕಣ್ಣು ನಕ್ಷೆಯಲ್ಲಿತ್ತು, ಬೆರಳು ತಾನಾಗಿ ಹೋಯಿತು. ಕೆಳಗೆ ಗಾಡಿ ಗುರ್ರೆಂದು ಗೇಟು ದಾಟಿತು.

"ಹೇಗಿತ್ತಮ್ಮಾ?" ಎಂದು ಬಣ್ಣದಕ್ಕ ಕೇಳಿದಳು.

"ಏನೂ ಗೊತ್ತೇ ಆಗ್ಲಿಲ್ಲ."

ಪ್ರೋಗ್ರಾಮರನ ಮುಖ ಬಿಳುಚಿತು. "ಏನ್ ಗೊತ್ತಾಗ್ಲಿಲ್ಲ?"

"ತಂತ್ರಾಂಶ ಅಂತ ಒಂದಿದೆ ಅನ್ನೋದೇ ಗೊತ್ತಾಗ್ಲಿಲ್ಲ ಕಣಪ್ಪಾ!"

ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಸಂಜೆ ಬಸ್ಸಿನಲ್ಲಿ ಕೂತದ್ದೇ ತಡ, ಬಣ್ಣದಕ್ಕನಿಗೆ ಗಾಢ ನಿದ್ದೆ. ಎಚ್ಚರವಾದಾಗ ತನ್ನ ನಿಲ್ದಾಣ ಯಾವಾಗಲೋ ದಾಟಿತ್ತು. ಅತ್ತೆಯ ಫೋನು: "ಎಲ್ಲಿದ್ದೀಯೇ?"

"ಎಲ್ಲೋ ಇದ್ದೀನಿ ಅತ್ತೆ," ಎಂದು ಆಕಳಿಸಿದಳು. "ನಿಧಾನಕ್ಕೆ ನಡ್ಕೊಂಡು ಬರ್ತೀನಿ."