ಬೆನ್ನು ಹಾಕಿ ಕೂತವನು

"ನಿಮ್ಮ ಮನೆಯವ್ರು ನಿನ್ನೆ ಪೇಂಟರ್ ಅಂಗಡೀಲಿ ಊಟ ಮಾಡ್ತಾ ಇದ್ರು. ಏನ್ ಯಜಮಾನ್ರೇ, ಊರಿಗೆಲ್ಲ ಅಡುಗೆ ಮಾಡಿ ಹಾಕ್ತೀರಿ, ಮನೇಲಿ ಒಲೆ ಹಚ್ಚೋದು ಬಿಟ್ಬಿಟ್ರಾ?" ತರಕಾರಿಯವನು ಕುಂಬಳಕಾಯಿಗಳನ್ನು ತಕ್ಕಡಿಗೆ ಏರಿಸುತ್ತ ನಕ್ಕ.

ಕಾರ್ಖಾನೆ ಕ್ಯಾಂಟೀನಿನ ಮುಖ್ಯ ಅಡುಗೆಯವನು ಈರುಳ್ಳಿ ಹೆಚ್ಚುತ್ತಿದ್ದ ಕೈಯನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ತರಕಾರಿಯವನಿಗೆ ಇನ್ನಷ್ಟು ಹುರುಪು ಬರುತ್ತಿತ್ತು. "ಯಾವ ಪೇಂಟರು?" ಎಂದ, ಸುಮ್ಮನೆ ಕೇಳುವವನ ಹಾಗೆ.

"ಅದೇ, ಬೋರ್ಡ್ ಬರೀತಾನಲ್ಲ, ನಿಮ್ಮೋರು ಕೆಲಸ ಮಾಡೋ ಡ್ರೈಕ್ಲೀನಿಂಗ್ ಅಂಗಡಿ ಪಕ್ಕ. ದಿನಾ ಮಧ್ಯಾಹ್ನ ಅಲ್ಲೇ ಇರ್ತಾರಪ್ಪ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ."

ಅವನಿಗೆ ಗೊತ್ತಿದ್ದದ್ದು ಬೇರೆ. ಎರಡು ವರ್ಷಗಳಿಂದ ಹೆಂಡತಿ ಅವನ ಕೈಯಡುಗೆಗೆ ಮುಖ ಸಿಂಡರಿಸುತ್ತಿದ್ದಳು. ಮೊದಲು ಬಾಯಿ ಉರಿಯುತ್ತದೆ ಎಂದು ಖಾರ ಬಿಟ್ಟಳು. ಆಮೇಲೆ ಬ್ರೆಡ್ಡು, ಮಾಂಸ, ಕೊನೆಗೆ ಅನ್ನ. ಒಂದು ತುತ್ತನ್ನು ಅಷ್ಟು ಹೊತ್ತು ಅಗಿದು, ಮೇಲಿಂದ ನೀರು ಕುಡಿದು, ನಡುವೆ ಎದ್ದು ಬಚ್ಚಲಿಗೆ ಹೋಗಿ ಬರುತ್ತಿದ್ದಳು. ಕೇಳಿದರೆ "ಹಸಿವಿಲ್ಲ ರೀ" ಎಂಬ ಒಂದೇ ಮಾತು. ಮೂಲೆಯ ಕ್ಲಿನಿಕ್ಕಿನ ಡಾಕ್ಟರು ಅಸಿಡಿಟಿ ಎಂದು ಮಾತ್ರೆ ಬರೆದುಕೊಟ್ಟಿದ್ದರು. ಅದನ್ನು ನುಂಗುವುದಕ್ಕೂ ಅವಳು ಒದ್ದಾಡುತ್ತಿದ್ದಳು. ಮೈ ಇಳಿದು ರವಿಕೆಗಳಿಗೆ ಹೊಲಿಗೆಯ ಮೇಲೆ ಹೊಲಿಗೆ ಬಿದ್ದಿತ್ತು. ಪಾಳಿ ಮುಗಿಸಿ ಬಂದ ಕಾರ್ಮಿಕರು ಎರಡನೆಯ ಸಲ ತಟ್ಟೆ ಚಾಚುವಾಗ ಅವನಿಗೆ ಮನೆಯ ಆ ತಟ್ಟೆ ನೆನಪಾಗುತ್ತಿತ್ತು.

ಹಾಗಾದರೆ ಹಸಿವಿದೆ. ಬೇರೆಯವನ ಕೈ ಊಟಕ್ಕೆ ಇದೆ.

ಮರುದಿನ ಮಧ್ಯಾಹ್ನ ಬಡಿಸುವ ಹೊಣೆಯನ್ನು ಸಹಾಯಕನಿಗೆ ಒಪ್ಪಿಸಿ, ಏಪ್ರನ್ ಬಿಚ್ಚುವುದನ್ನೂ ಮರೆತು ಹೊರಟ. ಪೇಂಟರ್ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಟರ್ಪೆಂಟೈನಿನ ಘಾಟು ರಸ್ತೆಗೇ ಬಡಿಯುತ್ತಿತ್ತು. ಒಳಗೆ ಗೋಡೆಗೆ ಒರಗಿಸಿದ ದೊಡ್ಡ ತಗಡಿನ ಮುಂದೆ ಒಬ್ಬ ಸಣಕಲು ಮನುಷ್ಯ ಕೂತು, ಏನೋ ಗುನುಗುತ್ತ, ಹಳದಿ ಅಕ್ಷರಗಳಿಗೆ ಕೆಂಪು ಅಂಚು ಎಳೆಯುತ್ತಿದ್ದ. ಅವನ ಬೆನ್ನ ಹಿಂದೆ, ಡಬ್ಬಗಳ ನಡುವಿನ ಸ್ಟೂಲಿನ ಮೇಲೆ ಅವಳು. ತೊಡೆಯ ಮೇಲೆ ಬಟ್ಟಲು. ಚಮಚ ಬಾಯಿಗೆ ಹೋಗುತ್ತಿತ್ತು, ಬರುತ್ತಿತ್ತು. ಯಾವ ಅವಸರವೂ ಇಲ್ಲ. ಅವಳ ಮುಖ ಅಷ್ಟು ನಿರಾಳವಾಗಿದ್ದದ್ದನ್ನು ಅವನು ನೋಡಿ ಯಾವ ಕಾಲವಾಗಿತ್ತೋ.

"ಏನು ಹಾಕ್ತಿದ್ದೀರಿ ಇವಳಿಗೆ?" ಅಡುಗೆಯವನ ದನಿಗೆ ಪೇಂಟರನ ಕೈ ಅಲುಗಿ ಕೆಂಪು ಗೆರೆ ಅಡ್ಡ ಹೋಯಿತು. "ನನಗೂ ಸ್ವಲ್ಪ ಹೇಳ್ಕೊಡಿ. ಮೂವತ್ತು ವರ್ಷದಿಂದ ಸೌಟು ಹಿಡಿದಿದ್ದೀನಿ, ಇದೊಂದು ಬಂದಿಲ್ಲ ನನಗೆ."

ಅವಳು ಗಾಬರಿಯಲ್ಲಿ ಬಾಯಲ್ಲಿದ್ದುದನ್ನು ಗಟಕ್ಕನೆ ನುಂಗಿದಳು. ಅವನು ಬಟ್ಟಲಿಗೆ ಕಣ್ಣು ಹಾಕಿದ. ಬೆಳಿಗ್ಗೆ ತಾನೇ ಡಬ್ಬಿಗೆ ತುಂಬಿ ಕಳಿಸಿದ ಬೇಳೆ, ಆಲೂಗಡ್ಡೆ. ಟೀ ಸೋಸುವ ಜಾಲರಿಯಲ್ಲಿ ತಿಕ್ಕಿ, ಬಿಸಿನೀರು ಬೆರೆಸಿ, ಹಸುಗೂಸಿನ ಊಟದ ಹಾಗೆ ತೆಳ್ಳಗೆ ಮಾಡಿಕೊಂಡಿದ್ದಳು. ತನ್ನದೇ ಒಗ್ಗರಣೆಯ ವಾಸನೆ. ಅದು ಗೊತ್ತಾದ ಮೇಲೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ತನ್ನ ಅಡುಗೆಯನ್ನೇ ಇಲ್ಲಿ, ಈ ಘಾಟಿನಲ್ಲಿ, ಇವನ ಜೊತೆ ಕೂತು ಉಣ್ಣಬಹುದು. ತನ್ನ ಜೊತೆ ಆಗುವುದಿಲ್ಲ.

ಬಾಯಿ ತೆರೆಯುವಷ್ಟರಲ್ಲಿ ಅವಳು ಎದೆ ಹಿಡಿದುಕೊಂಡಳು. ಜಾಲರಿಗೆ ಸಿಗದ ಆಲೂಗಡ್ಡೆಯ ಚೂರು ಒಳಗೆ ಸಿಕ್ಕಿಕೊಂಡಿತ್ತು. ಕೆಮ್ಮಿಲ್ಲ, ಉಸಿರಿದೆ, ಆದರೆ ತನ್ನ ಎಂಜಲನ್ನೂ ನುಂಗಲಾರದೆ ಅವಳ ಕಣ್ಣಲ್ಲಿ ನೀರು ಇಳಿಯಿತು. ಅಡುಗೆಯವನು ನೀರು ತರಲು ಓಡಿದ. "ನೀರು ಬೇಡ, ವಾಪಸ್ ಬರುತ್ತೆ," ಎಂದು ಪೇಂಟರ್ ಮೂಲೆಯಿಂದ ತೊಳೆದಿಟ್ಟ ಡಬ್ಬವೊಂದನ್ನು ತೆಗೆದು ಅವಳ ಕೈಗಿಟ್ಟ. ಅವಳು ಅದರಲ್ಲಿ ಉಗುಳಿದಳು. ಯಾರೂ ಹೇಳಬೇಕಾಗಿರಲಿಲ್ಲ, ಡಬ್ಬದ ಜಾಗ ಇಬ್ಬರಿಗೂ ಗೊತ್ತಿತ್ತು.

"ಹಿಂದೆನೂ ಹೀಗಾಗಿತ್ತಾ?" ಚೂರು ಇಳಿಯದೆ ಆಸ್ಪತ್ರೆಗೆ ಹೊರಟ ಆಟೋದಲ್ಲಿ ಅಡುಗೆಯವನು ಕೇಳಿದ.

ಅವಳ ಆಚೆ ಬದಿಗೆ ಕೂತಿದ್ದ ಪೇಂಟರ್ ಹೊರಗೆ ನೋಡುತ್ತ, "ಒಂದೆರಡು ಸಲ. ಸ್ವಲ್ಪ ಹೊತ್ತಿಗೆ ಇಳಿದುಹೋಗ್ತಿತ್ತು," ಎಂದ.

ಹೆಂಡತಿ ಡಬ್ಬ ಹಿಡಿದು ಬಾಗಿ ಕೂತಿದ್ದರೂ ಅಡುಗೆಯವನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ: ಆ ಒಂದೆರಡು ಸಲ ತಾನಿರಲಿಲ್ಲ, ಇವನಿದ್ದ. ಇಂಥ ಹೊತ್ತಲ್ಲಿ ಇದೇನು ಯೋಚನೆ ಎಂದು ತನ್ನ ಮೇಲೇ ಅಸಹ್ಯವಾಯಿತು. ಆದರೂ ಯೋಚನೆ ಹೋಗಲಿಲ್ಲ.

ಆಸ್ಪತ್ರೆಯಲ್ಲಿ ಕೊಳವೆ ಇಳಿಸಿ ಸಿಕ್ಕಿಕೊಂಡದ್ದನ್ನು ತೆಗೆದರು. ಡಾಕ್ಟರಮ್ಮ ಹೊರಗೆ ಬಂದು, "ಅನ್ನನಾಳ ಅಲ್ಲಲ್ಲಿ ಕಿರಿದಾಗಿದೆ, ಒಳಪದರ ಮುಟ್ಟಿದ್ರೆ ಸುಲಿದು ಬರ್ತಿದೆ. ಇದು ಬರೀ ಅಸಿಡಿಟಿ ಅಲ್ಲ," ಎಂದರು. ಆಮೇಲೆ ಟಾರ್ಚು ಹಿಡಿದು ಅವಳ ಕೆನ್ನೆಯ ಒಳಭಾಗವನ್ನು ತೋರಿಸಿದರು. ಬೆಳ್ಳಗಿನ ಸಣ್ಣ ಗೆರೆಗಳು ಬಲೆಯ ಹಾಗೆ ಹೆಣೆದುಕೊಂಡಿದ್ದವು. ಒಳಪದರದ ಒಂದು ಚೂರನ್ನು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಕಾಯಿಲೆಯ ಹೆಸರು ಹೇಳಿದರು: ಲೈಕನ್ ಪ್ಲಾನಸ್.

"ಚರ್ಮಕ್ಕೆ, ಬಾಯಿಗೆ ಬರೋದು ಜಾಸ್ತಿ. ಅನ್ನನಾಳಕ್ಕೆ ಬರೋದು ಅಪರೂಪ, ಬಂದ್ರೂ ಬೇಗ ಗೊತ್ತಾಗಲ್ಲ. ದೇಹದ ಕಾವಲಿನೋರೇ ತಮ್ಮ ಮನೆ ಮೇಲೆ ಕಲ್ಲು ಹೊಡೆದ ಹಾಗೆ."

"ನನ್ನ ಅಡುಗೆಯಿಂದ ಬಂತಾ ಮೇಡಂ? ನನ್ನದು ಸ್ವಲ್ಪ ಖಾರ ಮುಂದು."

"ಇಲ್ಲ. ಖಾರ ಇದ್ರೆ ಉರಿ ಹೆಚ್ಚುತ್ತೆ, ಅಷ್ಟೇ. ಅಂಟೋದೂ ಇಲ್ಲ. ನುಂಗೋಕೆ ಸ್ಟೀರಾಯ್ಡ್ ಔಷಧಿ ಕೊಡ್ತೀನಿ, ಕುಡಿದ ಮೇಲೆ ಸ್ವಲ್ಪ ಹೊತ್ತು ಏನೂ ತಗೋಬಾರದು. ಉರಿಯೂತ ಇಳಿದ ಮೇಲೆ ಕಿರಿದಾದ ಕಡೆ ನಿಧಾನವಾಗಿ ಹಿಗ್ಗಿಸೋಣ. ಒಂದೇ ಸಲಕ್ಕಾಗಲ್ಲ. ಆಮೇಲೂ ಆಗಾಗ ಒಳಗೆ ನೋಡ್ತಾ ಇರಬೇಕು, ಅಪರೂಪಕ್ಕೆ ಕ್ಯಾನ್ಸರಿಗೆ ತಿರುಗೋದುಂಟು. ತಪ್ಪಿಸಬೇಡಿ."

ತನ್ನ ಕೈಯ ತಪ್ಪಲ್ಲ ಎಂಬ ನೆಮ್ಮದಿಯೂ ಕೊನೆಯ ಮಾತಿನ ಹೆದರಿಕೆಯೂ ಒಟ್ಟಿಗೆ ಬಂದವು. ಆದರೆ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅವನ ಬಾಯಿಂದ ಹೊರಬಿದ್ದದ್ದು ಬೇರೆಯೇ.

"ಅವನಿಗೆ ಹೇಳಿದೆ. ನನಗೆ ಹೇಳಲಿಲ್ಲ."

"ಯಾರಿಗೂ ಹೇಳಿಲ್ಲ ರೀ. ಊಟದ ನಡುವೆ ಎದ್ದು ಬಟ್ಟೆ ಪಾರ್ಸೆಲ್ ಕೊಡೋಕೆ ಹೋದಾಗ ಅವರೆದುರಿಗೆ ಸಿಕ್ಕಿಹಾಕ್ಕೊಳ್ತು. ಅಷ್ಟೇ."

"ನನ್ನ ಎದುರಿಗೆ ಯಾಕೆ ಸಿಕ್ಕಿಹಾಕ್ಕೊಬಾರದಿತ್ತು?"

ಅವಳಿಗೆ ನಗು ಬಂತು. ನಕ್ಕಿದ್ದಕ್ಕೆ ಎದೆ ನೋಯಿತು. ಗೋಡೆಗೆ ಒರಗಿ ಕೂತು, "ನಿಮ್ಮ ಎದುರಿಗೂ ಸಿಕ್ಕಿಹಾಕ್ಕೊಂಡಿದೆ. ಬಚ್ಚಲಿಗೆ ಹೋಗ್ತಿದ್ದೆ," ಎಂದಳು. "ನೀವು ತುತ್ತು ತುತ್ತಿಗೂ ನನ್ನ ಗಂಟಲನ್ನೇ ನೋಡ್ತೀರಿ. ಉಪ್ಪು ಸರಿ ಇದ್ಯಾ, ಬೆಂದಿದ್ಯಾ, ಯಾಕೆ ಬಿಟ್ಟೆ? ನುಂಗಲೋ, ಉತ್ತರ ಹೇಳಲೋ? ಪೇಂಟರ್ರು ಬೆನ್ನು ಹಾಕಿ ಕೂತಿರ್ತಾರೆ. ಒಂದು ಬಟ್ಟಲು ಖಾಲಿ ಮಾಡೋಕೆ ಎಷ್ಟು ಹೊತ್ತಾದ್ರೂ ತಿರುಗಿ ನೋಡಲ್ಲ."

"ಮತ್ತೆ ಹೋಗ್ತೀಯಾ?"

"ಹೋಗ್ತೀನಿ," ಎಂದಳು. ದನಿಯಲ್ಲಿ ಜಗಳವಿರಲಿಲ್ಲ. ಅದಕ್ಕೇ ಅವನಿಗೆ ಜಗಳವಾಡಲು ಆಗಲಿಲ್ಲ.

ಔಷಧಿ ಹಿಡಿಯಿತು. ಎರಡು ಸಲ ಹಿಗ್ಗಿಸಿದ ಮೇಲೆ ಮೆತ್ತಗಿನ ಅನ್ನ ಇಳಿಯತೊಡಗಿತು. ಅಡುಗೆಯವನು ದಿನಾ ಬೆಳಿಗ್ಗೆ ಎಲ್ಲವನ್ನೂ ನುಣ್ಣಗೆ ಬೇಯಿಸಿ, ಮಸೆದು, ಬೆರಳ ನಡುವೆ ಉಜ್ಜಿ ನೋಡಿ ಡಬ್ಬಿಗೆ ತುಂಬಿದ. ಮನೆಯಲ್ಲಿ ಅವಳು ಉಣ್ಣುವಾಗ ಬೇಕೆಂದೇ ಎದ್ದು ಹೋಗಿ ಪಾತ್ರೆ ತಿಕ್ಕಿದ. ಆದರೆ ನಲ್ಲಿಯ ಸದ್ದಿನ ನಡುವೆಯೂ ಕುತ್ತಿಗೆ ತಾನಾಗಿ ತಿರುಗುತ್ತಿತ್ತು, ಅವಳ ಚಮಚ ಗಾಳಿಯಲ್ಲೇ ನಿಲ್ಲುತ್ತಿತ್ತು.

ಒಂದು ಮಧ್ಯಾಹ್ನ ಕ್ಯಾಂಟೀನಿಗೆ ರಜೆ ಇತ್ತು. ಅವನು ಪೇಂಟರ್ ಅಂಗಡಿಗೆ ಹೋದ. ಈ ಸಲ ಬಾಗಿಲಲ್ಲಿ ಕೆಮ್ಮಿದ. ಅವಳು ತಲೆ ಎತ್ತಿ ನೋಡಿ, ಮತ್ತೆ ಬಟ್ಟಲಿಗೆ ಬಗ್ಗಿದಳು. ಒಳಗೆ ಕೂರಲು ಜಾಗವಿದ್ದದ್ದು ತಗಡಿನ ಮುಂದೆ, ಪೇಂಟರನ ಪಕ್ಕದ ಡಬ್ಬದ ಮೇಲೆ ಮಾತ್ರ.

"ಬನ್ನಿ. ಸುಮ್ನೆ ಕೂರೋದಾದ್ರೆ ಈ ಅಕ್ಷರದೊಳಗೆ ಬಣ್ಣ ತುಂಬಿ," ಎಂದು ಪೇಂಟರ್ ಸಣ್ಣ ಕುಂಚವೊಂದನ್ನು ಕೊಟ್ಟ. "ಗೆರೆ ದಾಟಿದ್ರೆ ಚಿಂದಿ ಇದೆ, ಒರೆಸಿ."

ಇಬ್ಬರೂ ಗೋಡೆಗೆ ಮುಖ ಮಾಡಿ ಕೂತರು. ಸೌಟು ತಿರುಗಿಸಿ ಪಳಗಿದ ಕೈಗೆ ಕುಂಚ ಹಗುರವಾಗಿ ಎಲ್ಲೆಲ್ಲೋ ಜಾರಿತು. ಹಿಂದಿನಿಂದ ಚಮಚ ಬಟ್ಟಲಿಗೆ ತಾಗುವ ಸದ್ದು, ಆಮೇಲೆ ಏನೂ ಇಲ್ಲ, ಆಮೇಲೆ ಮತ್ತೆ ಚಮಚ. ಪೇಂಟರ್ ಎಂದಿನಂತೆ ಗುನುಗುತ್ತಿದ್ದ. ಅಡುಗೆಯವನು ತಿರುಗಲಿಲ್ಲ. ತಿರುಗದಿರುವುದು ಇಷ್ಟು ಕಷ್ಟವೆಂದು ಅವನಿಗೆ ತಿಳಿದಿರಲಿಲ್ಲ.

ಒಮ್ಮೆ ಚಮಚದ ಸದ್ದು ನಿಂತಿತು. ಮತ್ತೆ ಬರಲಿಲ್ಲ. ಅಡುಗೆಯವನ ಕೈ ಅಕ್ಷರದ ಮಧ್ಯದಲ್ಲೇ ನಿಂತಿತು. ಆಗ ಅವನಿಗೆ ಗೊತ್ತಾಯಿತು, ಪಕ್ಕದ ಗುನುಗೂ ನಿಂತಿದೆ. ಕಡೆಗಣ್ಣಲ್ಲಿ ನೋಡಿದ. ಪೇಂಟರನ ಕುಂಚ ತಗಡಿಗೆ ಮುಟ್ಟದೆ ಹಾಗೇ ಇತ್ತು. ತುದಿಯಲ್ಲಿ ಕೂಡಿಕೊಂಡ ಕೆಂಪು ಹನಿ ದಪ್ಪವಾಗುತ್ತಿತ್ತು. ಪೇಂಟರನೂ ಉಸಿರು ಬಿಗಿಹಿಡಿದಿದ್ದ.

ಹಿಂದೆ ಅವಳು ಮೆಲ್ಲಗೆ ಗಂಟಲು ಸರಿಮಾಡಿಕೊಂಡಳು. ಚಮಚ ಬಟ್ಟಲಿಗೆ ತಾಗಿತು.

ಆ ಸದ್ದಿಗೆ ಇಬ್ಬರಲ್ಲಿ ಮೊದಲು ಅಲುಗಿದ್ದು ಪೇಂಟರನ ಕುಂಚ.