ಪಿಸಿಲಾ ಬಾಯಿಬಿಟ್ಟಳು

ಪಿಸಿಲಾ ಟ್ಯಾಬ್ಲೆಟ್ಟಿನ ಪರದೆ ಒತ್ತಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದಳು. ಪಕ್ಕದವರು ನೋಡಿಬಿಟ್ಟಾರೆಂದು ಅದನ್ನು ಮಡಿಲಿಗೆ ಎಳೆದುಕೊಂಡಳು.

ದೂರದ ಕಡಲಿನ ವವಾಉ ದ್ವೀಪದ ಅವಳ ಹಳ್ಳಿಯಲ್ಲಿ ಹೆಂಗಸರೆಲ್ಲ ಒಂದು ಮನೆಯಲ್ಲಿ ಒಟ್ಟಿಗೆ ಕೂತು ಕೇದಗೆ ಗರಿಯ ಚಾಪೆ ಹೆಣೆಯುತ್ತಾರೆ. ಗರಿ ಸೀಳಿ ಸೀಳಿ ಪಿಸಿಲಾಳ ಬೆರಳ ತುದಿ ಒಣಗಿ ಗಟ್ಟಿಯಾಗಿತ್ತು. ಪುಟ್ಟ ಮಕ್ಕಳ ಟೀಚರ್ ಆಗಬೇಕೆಂಬುದು ಅವಳ ಆಸೆ. ಆ ತರಬೇತಿ ಇನ್ನು ಟ್ಯಾಬ್ಲೆಟ್ಟಿನಲ್ಲೇ ಬರಲಿತ್ತು. ಇದು ಕೈಕೊಟ್ಟರೆ ಅವಳಿಗೆ ಬೇರೆ ದಾರಿಯಿರಲಿಲ್ಲ.

ಟ್ಯಾಬ್ಲೆಟ್ಟುಗಳನ್ನು ತಂದವಳು ಲವೀನಿಯಾ. ಪಕ್ಕದ ಹಳ್ಳಿಯವಳೇ. ಮೊದಲು ಶಾಲೆಯಲ್ಲಿ ಕಲಿಸುತ್ತಿದ್ದಳು, ಆಮೇಲೆ ತಾನೂ ಮುಂದಕ್ಕೆ ಓದಿದಳು. ಜನ ಸುಲಭವಾಗಿ ಕಲಿಯಬೇಕಾದರೆ ಯಂತ್ರ ಹೇಗಿರಬೇಕು ಎಂದು ಹುಡುಕುವುದೇ ಈಗ ವಿಶ್ವವಿದ್ಯಾಲಯದಲ್ಲಿ ಅವಳ ಕೆಲಸ. ಹೇಗಿದೆ ಎಂದು ಅವಳು ಕೇಳಿದಾಗ ಎಲ್ಲರೂ ತುಂಬಾ ಚೆನ್ನಾಗಿದೆ ಎಂದರು. ಅತಿಥಿಯ ಮುಖಕ್ಕೇ ಯಾರಾದರೂ ತಪ್ಪು ಹೇಳುವುದುಂಟೇ? ಲವೀನಿಯಾಳ ಮುಖ ಮಾತ್ರ ಸಪ್ಪಗಾಯಿತು.

"ಹೊಗಳಿದ್ರೆ ಮುಖ ಸಣ್ಣದು ಮಾಡ್ಕೊಳ್ಳೋಳನ್ನ ಇವತ್ತೇ ನೋಡಿದ್ದು," ಎಂದಳು ಮುದುಕಿ ಕಲೋ.

"ಕಲೋ ಅತ್ತೆ, ನೀವು ಚೆನ್ನಾಗಿದೆ ಅಂದ್ಬಿಟ್ರೆ ಇದನ್ನೇ ಎಲ್ಲಾ ದ್ವೀಪಕ್ಕೂ ಕಳಿಸ್ತಾರೆ. ನಾನು ನಿಮ್ಮನ್ನ ಪರೀಕ್ಷೆ ಮಾಡೋಕೆ ಬಂದಿಲ್ಲ. ಇದನ್ನ ಪರೀಕ್ಷೆ ಮಾಡೋಕೆ ಬಂದಿದೀನಿ. ಸ್ವಲ್ಪ ಬೈರಿ."

ಪಿಸಿಲಾ ಮಡಿಲಿನ ಟ್ಯಾಬ್ಲೆಟ್ ನೋಡಿದಳು. ಹೇಳಿದರೆ ಲವೀನಿಯಾ ನೊಂದುಕೊಂಡಾಳು. ಹೇಳದಿದ್ದರೆ ತನ್ನ ಪಾಠ ಇಲ್ಲಿಗೇ ಮುಗಿಯಿತು. ಅವಳು ತಲೆ ತಗ್ಗಿಸಿ ಹೇಳಿದಳು:

"ಅಕ್ಕಾ, ನಾನು ಮುಟ್ಟಿದ್ರೆ ಇದಕ್ಕೆ ಗೊತ್ತೇ ಆಗಲ್ಲ. ನನ್ನ ಕೈಯೇ ಸರಿಯಿಲ್ಲ ಅನ್ಸುತ್ತೆ."



"ನಿಂದೂ ಹಾಗೇನಾ?" ಎಂದಳು ಕಲೋ. "ನಾನು ಆಗಿಂದ ಮೂಗಲ್ಲಿ ಒತ್ತುತ್ತಾ ಇದೀನಿ ಕಣೇ."

ಮನೆಯೇ ಅದುರುವಂತೆ ನಗು ಎದ್ದಿತು. ಆಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಕಷ್ಟ ಹೇಳಿಕೊಂಡರು. ಅಕ್ಷರ ಸಣ್ಣದು, ಗುಂಡಿ ಸಣ್ಣದು, ಒಂದು ಕೈಯಲ್ಲಿ ಮಗು. ಲವೀನಿಯಾಳಿಗೆ ಹಬ್ಬ. ಅವರ ಪಕ್ಕದಲ್ಲೇ ಕೂತು, ಅವರ ಕೈ ನೋಡಿಕೊಂಡು, ಎಲ್ಲವನ್ನೂ ಬರೆದುಕೊಂಡಳು. ಬೆರಳು ಒಣಗಿ ಗಟ್ಟಿಯಾದರೆ ಮುಟ್ಟಿದ್ದು ಪರದೆಗೆ ತಿಳಿಯದು, ಕೆಟ್ಟದ್ದು ಕೈಯಲ್ಲ, ಯಂತ್ರವನ್ನೇ ಈ ಕೈಗಳಿಗೆ ಹೊಂದಿಸಬೇಕು ಎಂದು ಪಿಸಿಲಾಳಿಗೆ ಬಿಡಿಸಿ ಹೇಳಿದಳು.

ಮಳೆಗಾಲ ಕಳೆದ ಮೇಲೆ ಹೊಸ ಪಾಠ ತುಂಬಿದ ಟ್ಯಾಬ್ಲೆಟ್ಟುಗಳು ದೋಣಿಯಲ್ಲಿ ಬಂದವು. ಗುಂಡಿ ದೊಡ್ಡದಾಗಿತ್ತು. ಬಾಯಲ್ಲಿ ಉತ್ತರ ಹೇಳಿದರೂ ಸಾಕಿತ್ತು. ಪಿಸಿಲಾ ಚಾಪೆ ಹೆಣೆಯುತ್ತಲೇ ಉತ್ತರ ಹೇಳಿದಳು. ಸರಿ ಎಂದಿತು ಯಂತ್ರ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಕಲೋ. ಪಿಸಿಲಾ ಆಗಲೇ ಎರಡನೇ ಪ್ರಶ್ನೆಗೆ ಕಿವಿಗೊಟ್ಟಿದ್ದಳು.

ಅಕ್ಕತಂಗಿಯರೇ, ಕಲಿಸುವ ಯಂತ್ರ ನಿಮ್ಮ ಕೈಗೆ ಒಗ್ಗದಿದ್ದರೆ ನೀವು ದಡ್ಡರೆಂದುಕೊಳ್ಳಬೇಡಿ. ಸುಮ್ಮನೆ ತಲೆಯಾಡಿಸಲೂ ಬೇಡಿ. ತಂದವರಿಗೆ ಆಗುತ್ತಿಲ್ಲ ಎಂದೇ ಹೇಳಿ. ನೀವು ಹೇಳಿದರೆ ತಾನೇ ಅವರು ತಿದ್ದುವುದು?