ಬಾಡಿಗೆಗೆ ಹೋದ ಹೆಸರು

ಭಾನುವಾರ ಚರ್ಚಿನಿಂದ ಬಂದು ಊಟಕ್ಕೆ ಕೂತವರಿಗೆಲ್ಲ ನಮ್ಮಮ್ಮ ಒಡೆಸಾ ಹೇಳುತ್ತಿದ್ದುದು ಒಂದೇ ಮಾತು: "ನನ್ನ ಮಗ ಈಗ ಅಂಗಡಿ ಯಜಮಾನ." ಕೋಳಿ ಬಡಿಸುವಾಗಲೂ ಅದೇ, ಸೊಪ್ಪು ಬಡಿಸುವಾಗಲೂ ಅದೇ. ಅಣ್ಣ ಲವೆಲ್ ಮಾತ್ರ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಜೇಬಿನಲ್ಲಿ ಒಂದಿಷ್ಟು ಗಾಂಜಾ ಸಿಕ್ಕಿತೆಂದು ಅವನನ್ನು ಆರು ವರ್ಷ ಜೈಲಿಗೆ ಹಾಕಿದ್ದರು. ಶಿಕಾಗೋದ ಪಶ್ಚಿಮ ಭಾಗದಲ್ಲಿ, ನಮ್ಮ ಕಪ್ಪು ಜನರ ಬೀದಿಗಳಲ್ಲಿ, ಹೀಗೆ ಮಗನನ್ನು ಕಳಿಸಿಕೊಟ್ಟ ಮನೆಗಳು ಒಂದೆರಡಲ್ಲ. ಬಿಳಿಯರ ಬಡಾವಣೆಗಳಲ್ಲೂ ಅದೇ ಹೊಗೆ ಏಳುತ್ತಿತ್ತು. ಅಲ್ಲಿ ಪೊಲೀಸರು ಬಾಗಿಲು ಒಡೆಯುತ್ತಿರಲಿಲ್ಲ. ಆಮೇಲೆ ಕಾನೂನು ಬದಲಾಗಿ ಅದೇ ಗಾಂಜಾ ಮರ್ಯಾದಸ್ಥರ ವ್ಯಾಪಾರವಾಯಿತು. ಗಾಂಜಾಕ್ಕಾಗಿ ಜೈಲು ಕಂಡವರಿಗೆ ಅಂಗಡಿಯ ಪರವಾನಗಿಯಲ್ಲಿ ಆದ್ಯತೆ ಎಂದಿತು ಸರ್ಕಾರ. ಆದರೆ ಬಂಡವಾಳ ಕೊಡುವವರು ಯಾರು? ಯಾವ ಬ್ಯಾಂಕೂ ಅಣ್ಣನನ್ನು ಕೂರಿಸಿ ಮಾತಾಡಿಸಲಿಲ್ಲ.

ಆಗ ಬಂದವನು ಕೆಸ್ಲರ್ ಎಂಬ ಬಿಳಿಯ. "ಬಂಡವಾಳ ನಂದು, ಹೆಸರು ನಿಂದು" ಅಂದ. ಒಂದು ಕಾಗದದಲ್ಲಿ ಅಂಗಡಿಯ ದೊಡ್ಡ ಪಾಲು ಅಣ್ಣನದು. ಇನ್ನೊಂದು ಕಾಗದದಲ್ಲಿ ತೀರ್ಮಾನವೆಲ್ಲ ಕೆಸ್ಲರನದು. ಅಣ್ಣ ಎರಡಕ್ಕೂ ಸಹಿ ಹಾಕಿದ. ನಮ್ಮವರಲ್ಲಿ ಇದು ಆಗಲೇ ರೂಢಿಯಾಗಿತ್ತು; ತಪ್ಪೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ.

ಅಂಗಡಿಯ ಗೋಡೆಯ ಮೇಲೆ ಅಣ್ಣನ ಆಳೆತ್ತರದ ಫೋಟೋ ಬಂತು. ಬೀಗದ ಕೈ ಬರಲಿಲ್ಲ. ಬಾಗಿಲಲ್ಲಿ ನಿಂತು ಗಿರಾಕಿಗಳ ಗುರುತಿನ ಚೀಟಿ ನೋಡುವುದೇ ಯಜಮಾನನ ಕೆಲಸವಾಯಿತು. ಜೈಲಿನಲ್ಲಿ ಜೊತೆಗಿದ್ದ ಗೆಳೆಯ ಮಾರ್ಸೆಲಸ್‌ಗೆ ಒಂದು ಕೆಲಸ ಕೊಡೋಣವೆಂದು ಒಮ್ಮೆ ಕೇಳಿದ.

"ಜೈಲಿಗೆ ಹೋಗಿಬಂದೋರನ್ನ ಇಟ್ಕೊಳ್ಳೋಕಾಗಲ್ಲಪ್ಪ. ಗಿರಾಕಿಗಳು ಹೆದರ್ತಾರೆ" ಅಂದ ಕೆಸ್ಲರ್.

"ನಾನೂ ಹೋಗಿಬಂದೋನೇ ಅಲ್ವಾ?"

"ನಿನ್ ವಿಷಯ ಬೇರೆ. ನೀನು ಫೋಟೋದಲ್ಲಿದ್ದೀಯ."

ಇದನ್ನು ಕೇಳಿ ಮಾರ್ಸೆಲಸ್ ಬಿದ್ದು ಬಿದ್ದು ನಕ್ಕ. "ಜೈಲಲ್ಲೂ ನಿನ್ ಫೋಟೋ ತೆಗ್ದಿದ್ರು ಕಣೋ! ಆಗ ಕೈಯಲ್ಲಿ ನಂಬರ್ ಹಿಡ್ಕೊಂಡಿದ್ದೆ, ಅಷ್ಟೇ ವ್ಯತ್ಯಾಸ."

ಕೆಲಸ ಸಿಗದ ಮಾರ್ಸೆಲಸ್ ಬೀದಿ ಮೂಲೆಯಲ್ಲಿ ಮೊದಲಿನಂತೆ ಗಾಂಜಾ ಪೊಟ್ಟಣ ಮಾರುತ್ತಿದ್ದ. ಒಂದು ಬೆಳಿಗ್ಗೆ ಪೊಲೀಸರು ಅವನನ್ನು ಹಿಡಿದುಕೊಂಡು ಹೋದರು. ಮರುದಿನ ಅವನ ಹೆಂಡತಿ ರೆನೀಟಾ ಒಂದು ಕಾಗದ ತಂದು ನಮ್ಮ ಊಟದ ಮೇಜಿನ ಮೇಲಿಟ್ಟಳು. ಪರವಾನಗಿ ಇಲ್ಲದೆ ಮಾರುತ್ತಾನೆಂದು ಅಂಗಡಿಯ ಯಜಮಾನ ಕೊಟ್ಟ ದೂರು.

"ಇದು ಯಾರ ಸಹಿ, ಲವೆಲ್?"

ಅಣ್ಣನದೇ. ಪ್ರತಿ ಸೋಮವಾರ ಕೆಸ್ಲರ್ ಮುಂದಿಡುತ್ತಿದ್ದ ಕಾಗದಗಳ ಕಂತೆಗೆ ಅವನು ಓದದೆ ಸಹಿ ಹಾಕುತ್ತಿದ್ದ. ರೆನೀಟಾ ಕಾಗದ ಮಡಚಿ ಎತ್ತಿಕೊಂಡು ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ವಾರವೇ ಪರವಾನಗಿ ನವೀಕರಣದ ವಿಚಾರಣೆ. ನಿಜ ಹೇಳಿಬಿಡುತ್ತೇನೆಂದು ಅಣ್ಣ ಅಂದಾಗ ಅಮ್ಮ ಸೌಟು ಕುಕ್ಕಿದಳು.

"ಸುಳ್ಳು ಯಜಮಾನ ಅಂತ ಒಪ್ಕೊಂಡ್ರೆ ಒಳಗೆ ಹೋಗೋದು ನೀನು, ಆ ಬಿಳಿಯನಲ್ಲ. ಆರು ವರ್ಷ ಜೈಲಿನ ಬಾಗಿಲಲ್ಲಿ ಸಾಲು ನಿಂತಿದ್ದೀನಿ. ತಲೆ ತಗ್ಗಿಸ್ಕೊಂಡು ಇರೋಕೆ ಏನೋ ಕಷ್ಟ ನಿಂಗೆ? ನಮ್ಮಪ್ಪ ಹಾಗೇ ಇದ್ದ, ನಿಮ್ಮಪ್ಪನೂ ಹಾಗೇ ಇದ್ದ."

"ಅಮ್ಮ, ಆಗ ನಮ್ಮನ್ನ ಅವರು ಹಿಡೀತಿದ್ರು" ಅಂದೆ ನಾನು. "ಈಗ ನಮ್ಮೋರನ್ನ ನಮ್ಮ ಕೈಯಿಂದ್ಲೇ ಹಿಡಿಸ್ತಿದ್ದಾರೆ. ಅಣ್ಣ ಸುಮ್ನಿದ್ರೆ ನಾಳೆ ಇನ್ಯಾರ ಮನೆ?"

"ನೀನು ಹೆತ್ತಿದ್ಯಾ ಅವನನ್ನ, ವರ್ನೀಟಾ?" ಅಂದಳು ಅಮ್ಮ.

ವಿಚಾರಣೆಯಲ್ಲಿ ಅಧಿಕಾರಿ ಹೆಂಗಸು ಕೇಳಿದಳು: "ಅಂಗಡಿ ನಡೆಸೋರು ನೀವೇ ತಾನೆ?" ಕೆಸ್ಲರನ ವಕೀಲ ಹೌದೆಂಬಂತೆ ತಲೆಯಾಡಿಸಿ ತೋರಿಸಿದ. ಅಣ್ಣನ ಅಂಗಿಯ ಬೆನ್ನು ಬೆವರಿ ಒದ್ದೆಯಾಗಿದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು.

"ಅಲ್ಲ ಮೇಡಂ. ನನ್ ಹೆಸರು ಬಾಡಿಗೆಗೆ ಕೊಟ್ಟಿದ್ದೆ. ಆ ಹೆಸರಲ್ಲಿ ನನ್ ಗೆಳೆಯನನ್ನ ಜೈಲಿಗೆ ಹಾಕ್ಸಿದ್ದಾರೆ. ಇನ್ನು ಕೊಡಲ್ಲ."

ಪರವಾನಗಿ ಅಲ್ಲೇ ತಡೆಹಿಡಿದರು. ಸುಳ್ಳು ಹೇಳಿಕೆಗಾಗಿ ಅಣ್ಣನ ಮೇಲೆ ಮೊಕದ್ದಮೆ ಬರಬಹುದು ಎಂದರು. ಮಾರ್ಸೆಲಸ್ ಇನ್ನೂ ಹೊರಗೆ ಬಂದಿಲ್ಲ.

ಹೊರಗಿನ ಬೆಂಚಿನಲ್ಲಿ ನಮ್ಮವರೇ ನಾಲ್ಕೈದು ಜನ ಕರೆಗಾಗಿ ಕಾಯುತ್ತಿದ್ದರು, ಒಬ್ಬೊಬ್ಬರ ಪಕ್ಕದಲ್ಲೂ ಒಬ್ಬ ವಕೀಲ. ನೇರಳೆ ಟೋಪಿಯ ಹೆಂಗಸೊಬ್ಬಳು ಎದ್ದು ಬಂದು ಅಣ್ಣನ ತೋಳು ಹಿಡಿದಳು.

"ನೀನು ಹೇಳಿದ್ದು ಬಾಗಿಲ ಹತ್ರ ಕೇಳಿಸ್ತು ತಮ್ಮಾ. ನಾನೂ ಹೆಸರು ಬಾಡಿಗೆಗೆ ಕೊಟ್ಟೋಳೇ. ಈಗ ನನ್ ಸರದಿ. ಒಬ್ಳೇ ಹೋದ್ರೆ ಮತ್ತೆ ಹೌದು ಅಂದ್ಬಿಡ್ತೀನಿ."

ಅಣ್ಣ ಹ್ಯಾಟು ಕೈಗೆ ತೆಗೆದುಕೊಂಡು ಅವಳ ಜೊತೆ ಮತ್ತೆ ಒಳಗೆ ಹೋದ.